ನಾಡಿದ್ದು ಹಿಮವಂತೆ: ರೈಲು ಹತ್ತಲೋ, ಬೇಡವೋ?

ಪ್ರಶ್ನೆ: ನಾಡಿದ್ದು ಆರು ಗಂಟೆಯ ರೈಲು ಪ್ರಯಾಣವಿದೆ, ನಡುವೆ ಎರಡು ಕಡೆ ರೈಲು ಬದಲಿಸಬೇಕು. ಮುನ್ಸೂಚನೆಯಲ್ಲಿ 8 ಸೆಂ.ಮೀ. ಹಿಮ ಎಂದಿದೆ. ಎಷ್ಟು ಸೆಂಟಿಮೀಟರಿನ ತನಕ ಧೈರ್ಯ ಮಾಡಬಹುದು?

ಉತ್ತರ: ಸೆಂಟಿಮೀಟರ್ ಒಂದನ್ನೇ ಹಿಡಿದು ಕೂತರೆ ಲೆಕ್ಕ ತಪ್ಪುತ್ತದೆ. ಮುಖ್ಯ ಮಾರ್ಗಗಳ ಹಳಿಯೇ ಸುಮಾರು 16-17 ಸೆಂ.ಮೀ. ಎತ್ತರವಿರುತ್ತದೆ. ಗಾಳಿಯಿಲ್ಲದೆ ನೆಟ್ಟಗೆ ಬಿದ್ದ 8 ಸೆಂ.ಮೀ. ಹಿಮ ಅದರ ಅರ್ಧಕ್ಕೆ ಬರುತ್ತದೆ, ಅಷ್ಟೇ. ಹಳಿಯ ನೆತ್ತಿಯ ಮೇಲೆ ಕೂತದ್ದನ್ನು ಗಾಲಿಗಳೇ ಒರೆಸಿಕೊಂಡು ಹೋಗುತ್ತವೆ.

ನೀವು ನೋಡಬೇಕಾದದ್ದು ಉಷ್ಣಾಂಶ ಮತ್ತು ಗಾಳಿ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಹಿಮ ಒದ್ದೆ, ಭಾರ. ಅದು ಕೊಂಬೆಗಳಿಗೆ ಅಂಟಿ ಮರಗಳನ್ನು ಹಳಿಯ ಮೇಲೋ ವಿದ್ಯುತ್ ತಂತಿಯ ಮೇಲೋ ಕೆಡವುತ್ತದೆ. ಕಾಡಿನ ನಡುವೆ ಹೋಗುವ ಮಾರ್ಗವಾದರೆ ಇದೇ ದೊಡ್ಡ ಅಪಾಯ. ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಬೀಳುವುದು ಒಣ ಪುಡಿ. ಗಾಳಿ ಇಲ್ಲದಿದ್ದರೆ ಅದು ಸಾಧು. ಜೋರು ಗಾಳಿ ಬೀಸಿತೋ, ಬಯಲಿನಲ್ಲಿ ಬಿದ್ದದ್ದೆಲ್ಲ ಗುಡ್ಡ ಕಡಿದು ಮಾಡಿದ ತಗ್ಗಿನ ದಾರಿಗೆ ಬಂದು ತುಂಬಿಕೊಳ್ಳುತ್ತದೆ. ಮುನ್ಸೂಚನೆ 8 ಸೆಂ.ಮೀ. ಎಂದರೂ ಅಂಥ ತಗ್ಗಿನಲ್ಲಿ ಆಳುದ್ದ ರಾಶಿ ಬೀಳಬಹುದು. ಎಲ್ಲಕ್ಕಿಂತ ಕೆಟ್ಟದ್ದು ಬಿದ್ದೊಡನೆ ಹೆಪ್ಪುಗಟ್ಟುವ ಮಳೆ. ತಂತಿಗೆ ಐಸಿನ ಕವಚ ಹತ್ತಿದರೆ ಇಂಜಿನ್ನಿಗೆ ಕರೆಂಟು ಸರಿಯಾಗಿ ಸಿಗುವುದಿಲ್ಲ, ಕಿಡಿ ಹಾರುತ್ತದೆ, ಕೆಲವೊಮ್ಮೆ ತಂತಿಯೇ ತುಂಡಾಗುತ್ತದೆ. ಅಂಥ ಮಳೆಯ ಎಚ್ಚರಿಕೆ ಇದ್ದರೆ ವಿದ್ಯುತ್ ಮಾರ್ಗದ ಪ್ರಯಾಣವನ್ನು ಮುಂದೂಡಿ ಎಂದೇ ನಮ್ಮ ಸಲಹೆ.

ಹೊರಡುವ ಊರು, ಸೇರುವ ಊರುಗಳ ಹವಾಮಾನ ನೋಡಿದರೆ ಸಾಲದು. ದಾರಿಯಲ್ಲಿ ಅತಿ ಎತ್ತರದ ನಿಲ್ದಾಣ ಯಾವುದೆಂದು ಹುಡುಕಿ, ನಿಮ್ಮ ರೈಲು ಅಲ್ಲಿರುವ ಗಂಟೆಯ ಮುನ್ಸೂಚನೆ ನೋಡಿ.

ನಿಮ್ಮ ಪ್ರಯಾಣದ ನಿಜವಾದ ತೊಂದರೆ ಹಿಮಕ್ಕಿಂತ ಆ ಎರಡು ಬದಲಾವಣೆಗಳು. ಹಿಮದ ದಿನ ಒಂದೊಂದು ರೈಲೂ ಸಮಯಕ್ಕೆ ಸರಿಯಾಗಿ ಓಡುವ ಸಾಧ್ಯತೆ ಹತ್ತಕ್ಕೆ ಎಂಟು ಎಂದಿಟ್ಟುಕೊಳ್ಳಿ. ಮೂರೂ ಹಾಗೆ ಓಡುವ ಸಾಧ್ಯತೆ ಅರ್ಧಕ್ಕಿಳಿಯುತ್ತದೆ. ಒಂದೆರಡು ಗಂಟೆ ಹೆಚ್ಚು ಹಿಡಿದರೂ ನೇರ ರೈಲು ಹಿಡಿಯಿರಿ. ಅದು ಇಲ್ಲವೆಂದಾದರೆ, ದೊಡ್ಡ ಜಂಕ್ಷನ್‌ನಲ್ಲಿ ಬದಲಿಸುವಂತೆ ನೋಡಿಕೊಂಡು ನಡುವೆ ಒಂದು ರೈಲು ತಪ್ಪಿದರೂ ಮುಂದಿನದು ಸಿಗುವಷ್ಟು ಬಿಡುವು ಇಟ್ಟುಕೊಳ್ಳಿ. ಅಂತಿಮ ತೀರ್ಮಾನವನ್ನು ಇವತ್ತೇ ಮಾಡಬೇಡಿ. ಬದಲಾದ ವೇಳಾಪಟ್ಟಿ ಸಾಮಾನ್ಯವಾಗಿ ಹಿಂದಿನ ದಿನ ಸಂಜೆಗೆ ಬರುತ್ತದೆ. ಅದರಲ್ಲಿ ನಿಮ್ಮ ರೈಲು ಉಳಿದುಕೊಂಡಿದ್ದರೆ ಅರ್ಧ ಚಿಂತೆ ಮುಗಿಯಿತು.

ಪ್ರಶ್ನೆ: ಒಂದು ದೇಶದಲ್ಲಿ ಆಳೆತ್ತರದ ಹಿಮದಲ್ಲೂ ರೈಲು ಓಡುತ್ತದೆ, ಇನ್ನೊಂದು ಕಡೆ ಗೇಣುದ್ದ ಬಿದ್ದರೂ ನಿಲ್ಲುತ್ತದೆ. ಇದು ಬರೀ ಸೋಮಾರಿತನವೇ?

ಉತ್ತರ: ಸೋಮಾರಿತನವಲ್ಲ, ಬಹುಪಾಲು ಸಲಕರಣೆಯ ಪ್ರಶ್ನೆ. ಹಿಮ ಮೊದಲು ಕೈಹಾಕುವುದು ಪಾಯಿಂಟ್‌ಗೆ, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗಕ್ಕೆ. ಅಲ್ಲಿ ಚೂಪಾದ ತುದಿಯ ಹಳಿಯೊಂದು ಅತ್ತಿತ್ತ ಸರಿದು ಪಕ್ಕದ ಹಳಿಗೆ ಬಿಗಿಯಾಗಿ ಒತ್ತಿಕೊಳ್ಳಬೇಕು. ಕೆಲವೇ ಮಿಲಿಮೀಟರ್ ಸಂದು ಉಳಿದರೂ ಸಿಗ್ನಲ್ ಹಸಿರಾಗುವುದಿಲ್ಲ. ಆ ಸಂದಿನಲ್ಲಿ ಹಿಮ ಸಿಕ್ಕಿಕೊಂಡರೆ, ಪ್ರತಿ ಸಲ ಹಳಿ ಸರಿದಾಗಲೂ ಅದು ಒತ್ತಿ ಒತ್ತಿ ಕಲ್ಲಾಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಮುಖ್ಯ ಪಾಯಿಂಟ್‌ಗಳಿಗೆ ವಿದ್ಯುತ್ ಅಥವಾ ಗ್ಯಾಸ್ ಹೀಟರ್ ಇರುತ್ತದೆ. ಮೇಲಿಂದ ಉದುರುವ ಹಿಮವನ್ನು ಅದು ಕರಗಿಸುತ್ತದೆ. ಆದರೆ ಬೋಗಿಯಡಿ ಅಂಟಿಕೊಂಡು ಬಂದ ಐಸಿನ ಹೆಂಟೆ ಅದೇ ಸಂದಿಗೆ ಬಿದ್ದರೆ ಹೀಟರ್ ಸೋಲುತ್ತದೆ, ಯಾರಾದರೂ ಹೋಗಿ ಕೈಯಾರೆ ಕಿತ್ತು ತೆಗೆಯಬೇಕು. ಹಿಮ ನಿಂತು ಬಿಸಿಲು ಬಂದ ಮೇಲೂ ರೈಲು ತಡವಾಗುವುದಕ್ಕೆ ಇದೊಂದು ಕಾರಣ. ಇನ್ನೊಂದು, ಹಿಂದಿನ ದಿನದ ಗೊಂದಲದಲ್ಲಿ ರೈಲು ಒಂದೂರಲ್ಲಿ, ಚಾಲಕ ಇನ್ನೊಂದೂರಲ್ಲಿ ಉಳಿದಿರುತ್ತಾರೆ.

ಅದೇ ಐಸಿನ ಹೆಂಟೆ ವೇಗದ ರೈಲಿನಿಂದ ಉದುರಿದರೆ ಹಳಿಯ ಜಲ್ಲಿಕಲ್ಲು ಸಿಡಿದು ಬೋಗಿಗೇ ಬಡಿಯುತ್ತದೆ. ಜರ್ಮನಿಯಲ್ಲಿ ಹಿಮದ ದಿನಗಳಲ್ಲಿ ಅತಿವೇಗದ ರೈಲುಗಳನ್ನು ಗಂಟೆಗೆ 200 ಕಿ.ಮೀ.ಗೆ ಇಳಿಸುವುದು ಇದಕ್ಕೇ. ಜಪಾನಿನ ತೋಕಾಯಿದೋ ಶಿಂಕಾನ್‌ಸೆನ್ ಮಾರ್ಗದ ಸೆಕಿಗಹಾರಾ ಬಳಿ ಹಿಮ ಪುಡಿಯಾಗಿ ಹಾರದಿರಲೆಂದು ಹಳಿಗೆ ನೀರು ಚಿಮುಕಿಸುತ್ತಾರೆ, ವೇಗವನ್ನೂ ತಗ್ಗಿಸುತ್ತಾರೆ. ಹಾಗಾಗಿ ಅತಿವೇಗದ ರೈಲಿನ ಟಿಕೆಟ್ ಇದ್ದರೆ ಗಂಟೆಗಟ್ಟಲೆ ತಡವನ್ನಲ್ಲದಿದ್ದರೂ ಒಂದಿಷ್ಟು ತಡವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ನುಣ್ಣನೆಯ ಪುಡಿಹಿಮದ ಕಾಟ. 1991ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಬಿದ್ದ ಪುಡಿಹಿಮ ಗಾಳಿಯ ಕಿಂಡಿಗಳ ಮೂಲಕ ಮೋಟಾರುಗಳಿಗೆ ನುಗ್ಗಿ ರೈಲುಗಳನ್ನು ಕೆಡಿಸಿತು. 2009ರ ಡಿಸೆಂಬರಿನಲ್ಲಿ ಐದು ಯೂರೋಸ್ಟಾರ್ ರೈಲುಗಳು ಇಂಗ್ಲಿಷ್ ಕಾಲುವೆಯ ಸುರಂಗದಲ್ಲಿ ನಿಂತದ್ದೂ ಹೀಗೆಯೇ: ಹೊರಗೆ ಒಳಹೊಕ್ಕ ಪುಡಿ ಸುರಂಗದ ಸೆಕೆಗೆ ಕರಗಿ ವಿದ್ಯುತ್ ಭಾಗಗಳ ಮೇಲೆ ನೀರಾಯಿತು. ಸಮುದ್ರಮಟ್ಟದಿಂದ 2,253 ಮೀಟರ್ ಎತ್ತರದವರೆಗೆ ಏರುವ ಸ್ವಿಟ್ಜರ್ಲೆಂಡಿನ ಬರ್ನೀನಾ ಮಾರ್ಗ ಚಳಿಗಾಲವಿಡೀ ನಡೆಯುತ್ತದೆ, ಏಕೆಂದರೆ ತಿರುಗು ಚಕ್ರದ ಹಿಮಗುದ್ದಲಿ ಯಂತ್ರ ಅಲ್ಲಿ ಸದಾ ಸಜ್ಜಾಗಿರುತ್ತದೆ. ವರ್ಷಕ್ಕೆ ಎರಡು ದಿನ ಹಿಮ ಬೀಳುವ ಕಡೆ ಅಷ್ಟು ಖರ್ಚು ಯಾರೂ ಮಾಡುವುದಿಲ್ಲ.

ಪ್ರಶ್ನೆ: ಬೆಳಗಿನ ಮೊದಲ ರೈಲು ಒಳ್ಳೆಯದೋ, ತಡವಾಗಿ ಹೊರಡುವುದೋ?

ಉತ್ತರ: ಎರಡನೆಯದೋ ಮೂರನೆಯದೋ ಆಗಲಿ. ರಾತ್ರಿಯಿಡೀ ರೈಲು ಓಡದ ಹಳಿಯಲ್ಲಿ ಏನೇನು ಕಟ್ಟಿಕೊಂಡಿದೆ ಎಂದು ಕಂಡುಹಿಡಿಯುವ ಕೆಲಸ ಮೊದಲ ರೈಲಿನದು. ಕೊನೆಯ ರೈಲು ಬೇಡವೇ ಬೇಡ, ಅದು ರದ್ದಾದರೆ ಪ್ಲಾಟ್‌ಫಾರಮ್ಮೇ ಗತಿ.

ಪ್ರಶ್ನೆ: ಭಯವಾಗಿ ಟಿಕೆಟ್ ರದ್ದು ಮಾಡಿಬಿಡೋಣ ಎನಿಸುತ್ತಿದೆ. ಹಣ ಸಿಗುತ್ತದೆಯೇ?

ಉತ್ತರ: ಅವಸರ ಬೇಡ. ನೀವಾಗಿ ರದ್ದು ಮಾಡಿದರೆ ನಿಮ್ಮ ಟಿಕೆಟ್ಟಿನ ಷರತ್ತು ಅನ್ವಯಿಸುತ್ತದೆ, ಅಗ್ಗದ ಟಿಕೆಟ್ಟಾದರೆ ಹಣ ಹೋಯಿತೆಂದೇ ತಿಳಿಯಿರಿ. ರೈಲು ಕಂಪನಿಯೇ ರದ್ದು ಮಾಡಿದರೆ ಮಾತು ಬೇರೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ನಿಯಮದಂತೆ, ರೈಲು ರದ್ದಾದರೆ ಅಥವಾ 60 ನಿಮಿಷ ಅಥವಾ ಹೆಚ್ಚು ತಡವಾಗುವಂತಿದ್ದರೆ ಟಿಕೆಟ್ ಹಣ ಹಿಂದಕ್ಕೆ ಪಡೆಯಬಹುದು ಅಥವಾ ಬೇರೆ ದಾರಿಯಲ್ಲಿ ಕಳುಹಿಸಿ ಎನ್ನಬಹುದು. ತಡಕ್ಕೆ ಕೊಡುವ ಪರಿಹಾರ ಬೇರೆ: 60ರಿಂದ 119 ನಿಮಿಷಕ್ಕೆ ದರದ ಶೇ. 25, ಎರಡು ಗಂಟೆ ಅಥವಾ ಹೆಚ್ಚಾದರೆ ಶೇ. 50. ವಿಪರೀತ ಹವಾಮಾನವೇ ಕಾರಣವಾದರೆ ಈ ಪರಿಹಾರವನ್ನು ಕಂಪನಿ ನಿರಾಕರಿಸಬಹುದು, ಆದರೆ ಚಳಿಗಾಲದ ಮಾಮೂಲಿ ಹಿಮ ಆ ಲೆಕ್ಕಕ್ಕೆ ಬರುವುದಿಲ್ಲ. ಜಪಾನಿನಲ್ಲಿ ಎಕ್ಸ್‌ಪ್ರೆಸ್ ರೈಲು ಎರಡು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ ಎಕ್ಸ್‌ಪ್ರೆಸ್ ಶುಲ್ಕ ಹಿಂದಕ್ಕೆ ಬರುತ್ತದೆ. ಯಾವ ದೇಶವಾದರೂ ಸರಿ, ರದ್ದಾದ ಪ್ರಕಟಣೆ ಪರದೆಯ ಮೇಲೆ ಕಂಡಾಗ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು? ಜೊತೆಯಲ್ಲಿ ವಯಸ್ಸಾದ ತಾಯಿ ಇರುತ್ತಾರೆ.

ಉತ್ತರ: ಮೇಲಿನ ತಂತಿಯಲ್ಲಿ ಕರೆಂಟು ಹೋದರೆ ಬೋಗಿಯ ಹೀಟರ್ ಮೊದಲು ನಿಲ್ಲುತ್ತದೆ. ದೀಪಗಳು ಬ್ಯಾಟರಿಯಿಂದ ಸ್ವಲ್ಪ ಹೊತ್ತು ಉರಿಯುತ್ತವೆ, ಶೌಚಾಲಯವೂ ಕೈಕೊಡಬಹುದು. ಹಾಗಾಗಿ ಬೆಚ್ಚನೆಯ ಬಟ್ಟೆಯನ್ನು ದೊಡ್ಡ ಸೂಟ್‌ಕೇಸಿಗೆ ತುರುಕಬೇಡಿ, ಸೀಟಿನ ಬಳಿಯ ಚೀಲದಲ್ಲಿರಲಿ. ತಾಯಿಯವರ ಔಷಧಿ ಎರಡು ದಿನಕ್ಕೆ ಹೆಚ್ಚಾಗಿ, ತಲೆಗೆ ಒಂದು ಲೀಟರ್ ನೀರು, ಬಿಸಿ ಮಾಡದೆ ತಿನ್ನುವಂಥದ್ದೇನಾದರೂ, ಒಂದು ಪವರ್ ಬ್ಯಾಂಕ್. ಚಳಿಗೆ ಫೋನಿನ ಬ್ಯಾಟರಿ ಬೇಗ ಕುಸಿಯುತ್ತದೆ, ಒಳಜೇಬಿನಲ್ಲಿಡಿ.

ಎಷ್ಟೇ ಹೊತ್ತಾದರೂ ಸಿಬ್ಬಂದಿ ಹೇಳದೆ ಬಾಗಿಲು ತೆರೆದು ಇಳಿಯಬೇಡಿ. ಕೆಲವು ಮಾರ್ಗಗಳಲ್ಲಿ ಕರೆಂಟು ಮೇಲಿನ ತಂತಿಯಲ್ಲಲ್ಲ, ನೆಲದ ಮೂರನೆಯ ಹಳಿಯಲ್ಲಿ ಹರಿಯುತ್ತದೆ, ಸಾಮಾನ್ಯವಾಗಿ 750 ವೋಲ್ಟ್. ಹಿಮ ಮುಚ್ಚಿದರೆ ಅದು ಎಲ್ಲಿದೆಯೆಂದೇ ಕಾಣುವುದಿಲ್ಲ. ಹಿಮ ಸದ್ದನ್ನೂ ನುಂಗುವುದರಿಂದ ಪಕ್ಕದ ಹಳಿಯಲ್ಲಿ ಬರುವ ರೈಲು ಕೇಳಿಸುವುದಿಲ್ಲ. 2018ರ ಮಾರ್ಚ್ 2ರಂದು ಲಂಡನ್ನಿನ ಲೂಯಿಶಮ್ ಬಳಿ, ಮೂರನೆಯ ಹಳಿಗೆ ಐಸು ಹಿಡಿದು ನಿಂತ ರೈಲಿನಿಂದ ಬೇಸತ್ತ ಕೆಲವರು ಕೆಳಗಿಳಿದರು. ಅವರ ಜೀವ ಉಳಿಸಲು ಇಡೀ ಪ್ರದೇಶದ ಕರೆಂಟು ತೆಗೆಯಬೇಕಾಯಿತು, ಹಿಂದೆ ನಿಂತಿದ್ದ ರೈಲುಗಳೂ ಕದಲದಂತಾದವು. ತಾಯಿಯವರ ಸ್ಥಿತಿಯನ್ನು ನಿಂತ ಹತ್ತು ನಿಮಿಷದೊಳಗೇ ಸಿಬ್ಬಂದಿಗೆ ತಿಳಿಸಿ, ಬೋಗಿಯ ಸಂಖ್ಯೆಯನ್ನೂ ಹೇಳಿ: ಬೇರೆ ರೈಲಿಗೆ ದಾಟಿಸುವಾಗ ಯಾರನ್ನು ಮೊದಲು ಇಳಿಸಬೇಕೆಂದು ಅವರಿಗೆ ಮೊದಲೇ ಗೊತ್ತಿರಲಿ.