ಕೋಚ್ ರಿಪ್ಲೈ ಮಾಡ್ತಿಲ್ಲ ಅಂತ ಬೇಜಾರಾಗ್ಬೇಡಿ

ನಿಮ್ ಮಗಳು ಹತ್ತನೇ ಕ್ಲಾಸು, ಟೀಮ್ ಸೇರೋಕೆ ಅಂತ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ಗಾಲ್ಫ್ ಕೋಚ್‌ಗೆ ಮೂರು ಮೇಲ್ ಹಾಕಿದ್ರೂ ಕ್ಯಾಂಪ್ ಬ್ರೋಶರ್ ಬಿಟ್ರೆ ಏನೂ ಬಂದಿಲ್ಲ ಅಂದ್ರಲ್ಲ, ಅದು ಕೊಬ್ಬಲ್ಲ ಸಾರ್, ಅಮೆರಿಕದ ಕಾಲೇಜ್ ಕ್ರೀಡೆ ನೋಡ್ಕೊಳ್ಳೋ ಎನ್‌ಸಿಎಎ ಸಂಸ್ಥೆ ರೂಲು. ಹತ್ತನೇ ಗ್ರೇಡ್ ಮುಗಿದು ಜೂನ್ 15 ಬರೋವರೆಗೂ ಅವ್ರು ಪರ್ಸನಲ್ಲಾಗಿ ಉತ್ತರ ಬರೆಯೋ ಹಾಗೇ ಇಲ್ಲ. ಆದ್ರೂ ಮೇಲ್ ಹಾಕ್ತಾ ಇರಿ, ಸ್ವಿಂಗ್ ವಿಡಿಯೋಗಿಂತ ಮೂರು ದಿನದ ಟೂರ್ನಮೆಂಟ್ ಸ್ಕೋರ್ ಕಳಿಸಿ, ಕೆಟ್ಟ ರೌಂಡೂ ಸೇರಿಸಿ. ಕಾಲೇಜ್ ಟೂರ್ನಮೆಂಟಲ್ಲಿ ಟೀಮಿನ ಐವರು ಆಡಿ ನಾಲ್ವರ ಸ್ಕೋರ್ ಲೆಕ್ಕಕ್ಕೆ, ಗಾಲ್ಫಲ್ಲಿ ಸ್ಕೋರ್ ಕಮ್ಮಿ ಇದ್ದಷ್ಟೂ ಒಳ್ಳೇದು, ಹಂಗಾಗಿ ಒಂದಿನ 68 ಮಾರನೇ ದಿನ 80 ಹೊಡೆಯೋಳಿಗಿಂತ ದಿನಾ 73 ಹೊಡೆಯೋಳೇ ನನ್ನ ಪ್ರಕಾರ ಕೋಚ್‌ಗೆ ಇಷ್ಟ. ಆ್ಯನ್ ವಾಕರ್ ಕೋಚಿಂಗಲ್ಲಿ ಸ್ಟ್ಯಾನ್‌ಫರ್ಡ್ 2015, 2022, 2024ರಲ್ಲಿ ಎನ್‌ಸಿಎಎ ಕಪ್ ಗೆದ್ದಿದ್ದು, ಮೂರು ಫೈನಲ್ಲೂ (ಅಲ್ಲಿ ಒಬ್ಬರೆದುರು ಒಬ್ಬರು ಆಡೋ ಐದು ಮ್ಯಾಚು) 3-2! ಅಂದ್ಹಾಗೆ ನಮ್ ಬೆಂಗಳೂರು ಅದಿತಿ ಅಶೋಕ್ ಕಾಲೇಜ್ ಗಾಲ್ಫ್ ದಾರಿನೇ ಹಿಡೀಲಿಲ್ಲ, 2016ರಲ್ಲಿ ಸೀದಾ ಪ್ರೊ ಆದ್ರು.