ಪುಣೆಯಲ್ಲಿ ಎಲೆಕ್ಟ್ರಿಕ್ ಕಾರು ತಗೊಂಡರೆ ನಿಜಕ್ಕೂ ದುಡ್ಡು ಉಳಿಯುತ್ತಾ?

ತಿಂಗಳಿಗೆ ಎಷ್ಟು ಓಡಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಇಲ್ಲಿ ಪೆಟ್ರೋಲ್ ಲೀಟರಿಗೆ 100 ದಾಟಿ ವರ್ಷಗಳೇ ಆದವು. ಪುಣೆಯ ಟ್ರಾಫಿಕ್ಕಿನಲ್ಲಿ 15 ಮೈಲೇಜ್ ಸಿಕ್ಕರೆ ಕಿಲೋಮೀಟರಿಗೆ ಸುಮಾರು 7 ರೂಪಾಯಿ ಬಿತ್ತು. ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ಟಿಗೆ 6-7 ಕಿ.ಮೀ. ಓಡುತ್ತದೆ. ಮನೆ ಕರೆಂಟು ಯೂನಿಟ್ಟಿಗೆ 12 ರೂಪಾಯಿ ಅಂತ ಹಿಡಿದರೂ ಕಿಲೋಮೀಟರಿಗೆ 2 ರೂಪಾಯಿ. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ 5,000 ಉಳಿತಾಯ. ಕಾರಿಗೆ 3 ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರಲು 5 ವರ್ಷ ಬೇಕು. ಭಾನುವಾರ ದೋಸೆ ತಿನ್ನಲಿಕ್ಕೆ ಮಾತ್ರ ಕಾರು ತೆಗೆಯುವವರಾದರೆ ಸುಮ್ನೆ ಪೆಟ್ರೋಲ್ ಗಾಡಿಯೇ ಸಾಕು.

ಜಿಎಸ್‌ಟಿ ಎಲೆಕ್ಟ್ರಿಕ್‌ಗೆ 2019ರಿಂದಲೂ 5% ಮಾತ್ರ. ಆದರೆ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳದ್ದೂ 18%ಗೆ ಇಳಿಯಿತಲ್ವಾ, ಆ ಅಂತರ ಈಗ ಮೊದಲಿನಷ್ಟಿಲ್ಲ.

ನಿಜವಾದ ತಲೆನೋವು ಚಾರ್ಜಿಂಗ್. ನಮ್ಮ ಸೊಸೈಟಿಯಲ್ಲಿ ಪಾರ್ಕಿಂಗಿಗೆ ಒಂದು ಪಾಯಿಂಟ್ ಹಾಕಿಸಲು 4 ತಿಂಗಳು ಹಿಡಿಯಿತು. ಬೆಂಕಿ ಹತ್ತಿದರೆ ಯಾರು ಹೊಣೆ ಅಂತ ಮೀಟಿಂಗ್ ಮೇಲೆ ಮೀಟಿಂಗ್! ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಿದರೆ ದರ ಹೆಚ್ಚುಕಡಿಮೆ ದುಪ್ಪಟ್ಟು. ಮನೆಯಲ್ಲಿ ಪಾಯಿಂಟ್ ಇಲ್ಲದಿದ್ದರೆ ನಾನಂತೂ ತಗೋಬೇಡಿ ಅನ್ನುತ್ತೇನೆ.

ಊರಿಗೆ ಹೋಗುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಹುಬ್ಬಳ್ಳಿ ಇಲ್ಲಿಂದ 400 ಕಿ.ಮೀ.ಗೂ ಜಾಸ್ತಿ. ನಾನು ಕೊಲ್ಹಾಪುರದ ಹತ್ತಿರ ಊಟಕ್ಕೆ ನಿಂತಾಗ ಚಾರ್ಜಿಗೆ ಹಾಕುತ್ತೇನೆ. ಗಣಪತಿ ಹಬ್ಬದ ಹೊತ್ತಿಗೆ ಮಾತ್ರ ಅಲ್ಲೂ ಕ್ಯೂ ಇರುತ್ತದೆ.