ಚುಕ್ಕಿ ಎಲ್ಲಿ ಹೋದ್ವು ಸರ್?

ಪ್ರಶ್ನೆ: ನಮಸ್ಕಾರ ಸರ್, ಎಂ.ಎಸ್ಸಿ ಪ್ರಾಜೆಕ್ಟಿಗೆ ಮಳಿ ಮತ್ತ ಜೋಳದ ಇಳುವರಿ ಇಟ್ಕೊಂಡು ಪೈಥಾನಿನ ಚಿತ್ರ ಬಿಡಿಸೋ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನ್ಯಾಗ ಸ್ಕ್ಯಾಟರ್ ಪ್ಲಾಟ್ (ಸಾಲಿಗೊಂದು ಚುಕ್ಕಿ ಇಡೋ ಚಿತ್ರ) ಮಾಡೀನಿ. ಫೈಲಿನ್ಯಾಗ 212 ಸಾಲು ಅದಾವ, ಪ್ಲಾಟಿನ್ಯಾಗ ಎಣಿಸಿದ್ರ 150 ಚುಕ್ಕಿ ಸೈತ ಕಾಣವಲ್ವು. ಚುಕ್ಕಿ ಸೈಜಿನ ಎಸ್‌ಗೆ 6 ಕೊಟ್ರ ಸಾಸಿವಿಕಿಂತ ಸಣ್ಣ ಬರ್ತಾವ, ಮ್ಯಾಲ ಟ್ರೆಂಡ್‌ಲೈನ್ (ಒಟ್ಟು ಏರಿಳಿತ ತೋರ್ಸೋ ಗೆರಿ) ಬ್ಯಾರೆ ಚುಕ್ಕಿ ಮ್ಯಾಲೇ ಕುಂದರತೈತಿ. ಏನ್ ಮಾಡ್ಲಿ?
– ಓದುಗರು, ಧಾರವಾಡ

ಉತ್ತರ: ಮೊದಲು ಸೈಜ್ ವಿಷಯ ಮುಗಿಸಿಬಿಡೋಣ, ಇದರಲ್ಲಿ ನಾನೂ ಒಂದ್ಸಲ ಅರ್ಧ ದಿನ ಕಳ್ಕೊಂಡಿದೀನಿ. ಪ್ಲಾಟ್ ಕಮಾಂಡಲ್ಲಿ ಮಾರ್ಕರ್‌ಸೈಜ್ 6 ಅಂದ್ರೆ ಚುಕ್ಕೆಯ ಅಗಲ 6 ಪಾಯಿಂಟು, ಇಂಚಿಗೆ 72 ಪಾಯಿಂಟ್ ಲೆಕ್ಕ. ಸ್ಕ್ಯಾಟರ್‌ನಲ್ಲಿ ಎಸ್ ಅನ್ನೋದು ಅಗಲ ಅಲ್ಲ, ಅದರ ವರ್ಗ. ಹಾಗಾಗಿ 6 ಕೊಟ್ರೆ ಸಿಗೋ ಅಗಲ ಸುಮಾರು 2.4 ಪಾಯಿಂಟ್ ಅಷ್ಟೇ. ನಿಮಗೆ ಬೇಕಿದ್ದಿದ್ದು 36, ಏನೂ ಕೊಡದೆ ಸುಮ್ನೆ ಬಿಟ್ಟಿದ್ರೂ ಅದೇ ಬರ್ತಿತ್ತು! ಅಗಲ ಎರಡರಷ್ಟು ಆಗ್ಬೇಕಂದ್ರೆ 72 ಅಲ್ಲ, 144 ಕೊಡಿ.

ಇನ್ನು ಕಾಣೆಯಾದ ಚುಕ್ಕೆಗಳು. ಮಾರ್ಕರ್ (ಚುಕ್ಕೆಯ ಆಕಾರ) ಬದಲಾಯಿಸೋಕೆ ಹೋಗಬೇಡಿ, ಡೇಟಾ ನೋಡಿ. ಖಾಲಿ ಸೆಲ್ ಇರೋ ಸಾಲನ್ನ ಮ್ಯಾಟ್‌ಪ್ಲಾಟ್‌ಲಿಬ್ ಬಾಯಿ ಬಿಡದೆ ನುಂಗಿಬಿಡತ್ತೆ, ಎರರ್ ಬರಲ್ಲ, ಲಾಗ್ ಸ್ಕೇಲ್ (ಸೊನ್ನೆಗೆ ಜಾಗ ಇಲ್ಲದ ಅಳತೆ) ಹಾಕಿದ್ರೆ ಸೊನ್ನೆ ಇಳುವರಿ ಬಂದ ಹೊಲಗಳೂ ಹಂಗೇ ಮಾಯ. ಎರಡೂ ಕಾಲಮ್ ತುಂಬಿರೋ ಸಾಲು ಎಷ್ಟಿದೆ ಅಂತ ಪೈಥಾನ್‌ನ ಡೇಟಾ ಲೈಬ್ರರಿ ಪಾಂಡಾಸ್‌ನಲ್ಲಿ ಎಣಿಸಿ. 212 ಪೂರ್ತಿ ಇದ್ರೆ ನನ್ನ ಅನುಮಾನ ಬೇರೆ: ಮಳೆ ಲೆಕ್ಕ ಹೋಬಳಿವಾರು ತಗೊಂಡಿರ್ತೀರಿ, ಒಂದೇ ಹೋಬಳಿಯ ಹತ್ತು ಹೊಲಕ್ಕೂ ಅದೇ ಮಳೆ, ಇಳುವರಿನೂ ರೈತರು ಬಾಯಲ್ಲಿ ಹೇಳಿದ ರೌಂಡ್ ಫಿಗರ್ರು, ಆಗ ಚುಕ್ಕೆಗಳು ಒಂದರ ಮೇಲೊಂದು ಕೂತು ಒಂದೇ ಚುಕ್ಕೆ ಥರ ಕಾಣ್ತವೆ, ಎಲ್ಲೂ ಹೋಗಿರಲ್ಲ. ಚುಕ್ಕೆ ಅರೆಪಾರದರ್ಶಕ ಆಗೋ ಹಾಗೆ ಆಲ್ಫಾ 0.3 ಕೊಟ್ಟು ನೋಡಿ, ರಾಶಿ ಬಿದ್ದ ಕಡೆ ಬಣ್ಣ ಗಾಢ ಆಗತ್ತೆ. ಅಂಕಿಗಳನ್ನ ಚೂರು ಅಲ್ಲಾಡಿಸಿ ಜಿಟರ್ ಮಾಡೋದೂ ಉಂಟು, ಮಾಡಿದ್ರೆ ಚಿತ್ರದ ಕೆಳಗೆ ಬರೀರಿ, ಮುಚ್ಚಿಡಬೇಡಿ.

ಅಕ್ಷದ ಮೇಲೆ ಅಂಕಿಗಳು ಜಾತ್ರೆ ಥರ ಒತ್ತಿಕೊಂಡು ನಿಂತಿದ್ರೆ ಕಾಲಮ್ ನಂಬರ್ ಅಲ್ಲ, ಟೆಕ್ಸ್ಟ್ ಆಗಿದೆ ಅಂತ ತಿಳ್ಕೊಳ್ಳಿ, "1,250" ಅಂತ ಕಾಮಾ ಹಾಕಿ ಟೈಪ್ ಮಾಡಿದ್ರೆ ಹೀಗಾಗತ್ತೆ.

ಟ್ರೆಂಡ್‌ಲೈನ್ ಸುಲಭ: ಝಡ್‌ಆರ್ಡರ್ ದೊಡ್ಡದಿದ್ದದ್ದು ಮೇಲೆ ಕೂರತ್ತೆ, ಗೆರೆಯದು 2, ಸ್ಕ್ಯಾಟರ್‌ದು 1. ಸ್ಕ್ಯಾಟರ್‌ಗೆ 3 ಕೊಡಿ.

ಪ್ರಶ್ನೆ: ಸ್ಕ್ಯಾಟರ್‌ನಲ್ಲಿ ಪೊಳ್ಳು ವೃತ್ತ ಬೇಕು ಅಂತ ಒಳಬಣ್ಣದ ಫೇಸ್‌ಕಲರ್ಸ್‌ಗೆ ನನ್ (None) ಅಂತ ಕೊಟ್ಟೆ, ಆದ್ರೂ ನೀಲಿ ತುಂಬ್ಕೊಂಡೇ ಬರ್ತಿದೆ.
– ಉಪನ್ಯಾಸಕಿ, ಮೈಸೂರು

ಉತ್ತರ: ಮೇಡಂ, ಕೋಟ್ಸ್ (ಉದ್ಧರಣ ಚಿಹ್ನೆ) ಹಾಕಿಲ್ಲ ಅನ್ಸುತ್ತೆ. ಕೋಟ್ಸ್ ಇಲ್ಲದ ನನ್ ಅಂದ್ರೆ "ನಾನೇನೂ ಹೇಳಲ್ಲ, ನಿನ್ನಿಷ್ಟ" ಅಂತ, ಅದು ತನ್ನ ಮಾಮೂಲಿ ನೀಲಿ ಬಳಿಯತ್ತೆ. ಕೋಟ್ಸ್ ಒಳಗೆ ಸಣ್ಣಕ್ಷರದಲ್ಲಿ 'none' ಅಂತ ಕೊಟ್ರೆ ಮಾತ್ರ "ಬಣ್ಣ ಬೇಡ". ಜೊತೆಗೆ ಅಂಚಿನ ಬಣ್ಣದ ಎಡ್ಜ್‌ಕಲರ್ಸ್‌ಗೂ ಒಂದು ಬಣ್ಣ ಕೊಟ್ಟುಬಿಡಿ, ಇಲ್ಲಾಂದ್ರೆ ಅಂಚೂ ಇಲ್ಲದೆ ವೃತ್ತವೇ ಕಾಣದೆ ಹೋದೀತು.